ಪುರುಷೋತ್ತಮನಿಗೊಂದು ಸಂಘ ಬೇಡವೇ?

ಷರ್ಲಾಕ್ ಹೋಮ್ಸನ ಅಭಿಮಾನಿಗಳದ್ದು ಹಾರ-ತುರಾಯಿಯ ಅಭಿಮಾನವಲ್ಲ, ತಂಟೆಕೋರ ಅಭಿಮಾನ. 1934ರಲ್ಲಿ ಕ್ರಿಸ್ಟೋಫರ್ ಮಾರ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ 'ಬೇಕರ್ ಸ್ಟ್ರೀಟ್ ಇರ್‌ರೆಗ್ಯುಲರ್ಸ್' ಇವತ್ತಿಗೂ ನಡೆಯುತ್ತಿದೆ. 1951ರಲ್ಲಿ ಲಂಡನ್ನಿನಲ್ಲೂ ಸಂಘ ಎದ್ದಿತು. ಇವರ ಆಟಕ್ಕೆ ಒಂದೇ ಕಟ್ಟಳೆ: ಹೋಮ್ಸ್, ವಾಟ್ಸನ್ ನಿಜವಾಗಿ ಬದುಕಿದ್ದವರು, ಕಾನನ್ ಡಾಯ್ಲ್ ಬರೀ ಏಜೆಂಟ್. ಹಾಗಾದರೆ ಆಫ್ಘನ್ ಯುದ್ಧದಲ್ಲಿ ವಾಟ್ಸನ್ನನಿಗೆ ಗುಂಡು ತಗುಲಿದ್ದು ಭುಜಕ್ಕೋ, ಕಾಲಿಗೋ? ಎರಡೂ ಬರೆದಿದೆ. ಲೇಖಕ ಮರೆತ ಎಂದು ಜಾರಿಕೊಳ್ಳುವಂತಿಲ್ಲ. 4 ಕಾದಂಬರಿ, 56 ಕತೆ ಜಾಲಾಡಿ ಸಮಾಧಾನ ಹೇಳಬೇಕು.

ಹಾವಿನ ಪ್ರಕರಣವನ್ನಂತೂ ನಮ್ಮವರೇ ಬಗೆಹರಿಸಬೇಕು. 1892ರ 'ದಿ ಸ್ಪೆಕಲ್ಡ್ ಬ್ಯಾಂಡ್' ಕತೆಯಲ್ಲಿ ಭಾರತದ ಹಾವೊಂದು ಗಂಟೆಯ ಹಗ್ಗ ಹಿಡಿದು ಇಳಿಯುತ್ತದೆ, ಸಿಳ್ಳೆ ಹಾಕಿದರೆ ಹಾಲಿನಾಸೆಗೆ ಮತ್ತೆ ಹತ್ತುತ್ತದೆ. ಹೋಮ್ಸ್ ಹೇಳುವ 'ಸ್ವಾಂಪ್ ಆಡರ್' ನಮ್ಮ ದೇಶದಲ್ಲೇ ಇಲ್ಲ. ಕೊಳಕುಮಂಡಲ ಎನ್ನುವವರುಂಟು, ನಾಗರ ಎನ್ನುವವರೂ ಉಂಟು. ಗದ್ದೆ ಬದುವಿನಲ್ಲಿ ಕೊಳಕುಮಂಡಲ ಕಂಡ ಹರಿಹರದ ರೈತನಿಗೆ ಅದು ಹಗ್ಗ ಹತ್ತಿತು ಅಂದರೆ ನಕ್ಕಾನು. (ಹಾಲಿನ ಮಾತು ಪಂಚಮಿ ದಿನ ಬೇಡ.)

ಕನ್ನಡದಲ್ಲೇನು ಪತ್ತೇದಾರರಿಗೆ ಬರವೇ? ನಾಲ್ಕನೆಯ ತರಗತಿಗಿಂತ ಮುಂದೆ ಓದದ ಎನ್. ನರಸಿಂಹಯ್ಯ 1952ರಲ್ಲಿ 'ಪತ್ತೇದಾರ ಪುರುಷೋತ್ತಮ'ನನ್ನು ತಂದರು. 2011ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಹೆಸರಿನಲ್ಲಿ 500ಕ್ಕೂ ಹೆಚ್ಚು ಕಾದಂಬರಿಗಳಿದ್ದವು. ಓದುಗರು ಮುಗಿಬಿದ್ದರು, ವಿಮರ್ಶಕರು ತಿರುಗಿ ನೋಡಲಿಲ್ಲ. ಆದರೂ ಸಂಘ ಹುಟ್ಟದ್ದಕ್ಕೆ ವಿಮರ್ಶಕರನ್ನು ದೂರುವುದು ತಪ್ಪು. ನನ್ನ ಅನುಮಾನ ಬಾಡಿಗೆ ಲೈಬ್ರರಿಯ ಮೇಲೆ. ಇವತ್ತು ತಂದ ಪುಸ್ತಕವನ್ನು ನಾಳೆ ಮರಳಿಸಬೇಕಿತ್ತು, ಇಲ್ಲವಾದರೆ ಬಾಡಿಗೆ ಏರುತ್ತಿತ್ತು. ಎರಡು ಕಾದಂಬರಿಗಳನ್ನು ಪಕ್ಕಪಕ್ಕ ಇಟ್ಟು, 'ಅಲ್ಲಿ ಹಾಗಂದಿದ್ದ, ಇಲ್ಲಿ ಹೀಗೇಕೆ?' ಎಂದು ಕೇಳಲು ಪುಸ್ತಕ ಮನೆಯಲ್ಲಿರಬೇಕಲ್ಲ! ಕೈಯಿಂದ ಕೈಗೆ ಹೋಗಿ ರಟ್ಟು ಕಿತ್ತು, ಕೊನೆಯ ಪುಟವೇ ಇಲ್ಲದ ಪ್ರತಿಯಲ್ಲಿ ಕೊಲೆಗಾರ ಸಿಗುವುದೂ ಕಷ್ಟ.

ಸಂಘವೆಂದರೆ ನಮ್ಮಲ್ಲಿ ಮೊದಲು ರಸೀದಿ ಪುಸ್ತಕ, ಆಮೇಲೆ ಗೌರವಾಧ್ಯಕ್ಷರು, ಕೊನೆಗೆ ಶಾಲು. ಅದ್ಯಾವುದೂ ಬೇಡ. ದಾವಣಗೆರೆಯವರು ಇಬ್ಬರು, ಹರಿಹರದವರು ಇಬ್ಬರು, ಒಂದೇ ಪುಸ್ತಕ ಓದಿಕೊಂಡು ಬಂದು ಮಂಡಕ್ಕಿ-ಮಿರ್ಚಿ ಮುಂದೆ ಕೂತು ಜಗಳವಾಡಿದರೆ ಸಾಕು. ಅಟ್ಟದ ಮೇಲೆ ಪುರುಷೋತ್ತಮನ ಹಳೆಯ ಪ್ರತಿ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.