ಬೆಂಕಿಯುಂಡೆ ಮತ್ತು ಕುರಿಯ ಉಪಾಯ

ಚನ್ನಪಟ್ಟಣದ ಗೊಂಬೆ ಅಂಗಡಿಗಳ ಮುಂದೆ ಇಂದು ಸಾಮಾನ್ಯವಾಗಿ ಕಾಣುವ ದೃಶ್ಯವೊಂದಿದೆ. ತಾಯಿ ಅರಗಿನ ಬಣ್ಣದ ಬುಗುರಿಯನ್ನು ಆರಿಸುತ್ತಿರುತ್ತಾಳೆ. ಯಾರಿಗಾಗಿ ಆರಿಸುತ್ತಿದ್ದಾಳೋ ಆ ಮಗ ಮೊಬೈಲಿನಲ್ಲಿ ಶತ್ರುಗಳನ್ನು ಸಾಲಾಗಿ ಕೆಡವುತ್ತಿರುತ್ತಾನೆ. ಕಾಲ ಕೆಟ್ಟಿತು ಎಂದು ನಿಟ್ಟುಸಿರು ಬಿಡುವುದು ಸುಲಭ. ಆದರೆ ಆ ಹುಡುಗನ ಮುಖವನ್ನು ಸ್ವಲ್ಪ ಗಮನಿಸಿ. ಅಲ್ಲಿ ರೋಷವಿಲ್ಲ, ಸಂತೋಷವೂ ಇಲ್ಲ. ಬೆರಳು ತನ್ನ ಪಾಡಿಗೆ ಕೆಲಸ ಮಾಡುತ್ತಿದೆ, ಅಷ್ಟೆ. ವಿಡಿಯೋ ಗೇಮ್‌ಗಳ ಹಿಂಸೆಯ ಬಗ್ಗೆ ನಾವು ಬೇಕಾದಷ್ಟು ಮಾತಾಡಿದ್ದೇವೆ. ಆ ಹಿಂಸೆ ಎಷ್ಟು ಸವಕಲಾಗಿದೆ ಎಂಬುದರ ಬಗ್ಗೆ ಮಾತಾಡಿದ್ದು ಕಡಿಮೆ.

ಅಂಗೈಯಿಂದ ಚಿಮ್ಮುವ ಬೆಂಕಿಯುಂಡೆ, ಗಾಳಿಯಲ್ಲೇ ಎರಡನೇ ನೆಗೆತ, ನೆಲಕ್ಕೆ ಗುದ್ದಿದರೆ ಸುತ್ತಲಿನವರೆಲ್ಲ ಉರುಳುವುದು, ಕಾಲವನ್ನು ನಿಧಾನಗೊಳಿಸಿ ಗುಂಡು ಹಾರಿಸುವುದು: ಆಟದ ಹೆಸರು ಬದಲಾದರೂ ಈ ವಿದ್ಯೆಗಳು ಬದಲಾಗುವುದಿಲ್ಲ. ಇವು ಹುಟ್ಟುವಾಗಲೇ ಹಳಸಿದವಲ್ಲ. 1991ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ತಂದ 'ಸ್ಟ್ರೀಟ್ ಫೈಟರ್ 2' ಆಟದಲ್ಲಿ ಉಂಡೆ ಎಸೆದವನು ಒಂದು ಕ್ಷಣ ನಿಂತಲ್ಲೇ ಸಿಕ್ಕಿಬೀಳುತ್ತಿದ್ದ. ಎದುರಾಳಿ ಸರಿಯಾದ ಹೊತ್ತಿಗೆ ಅದರ ಮೇಲಿಂದ ನೆಗೆದರೆ ಪೆಟ್ಟು ಎಸೆದವನಿಗೇ. ಆದ್ದರಿಂದ ಪ್ರತಿ ಎಸೆತಕ್ಕೂ ಯೋಚನೆ ಬೇಕಿತ್ತು. ನಕಲು ಮಾಡಿದ ಎಷ್ಟೋ ಆಟಗಳು ಉಂಡೆಯನ್ನು ಇಟ್ಟುಕೊಂಡು ಅದರ ಅಪಾಯವನ್ನು ಕೈಬಿಟ್ಟವು. ವಿದ್ಯೆ ಸವೆಯುವುದು ಬಳಕೆ ಹೆಚ್ಚಾದ್ದರಿಂದಲ್ಲ, ಅದಕ್ಕೆ ಬೆಲೆ ತೆರಬೇಕಾಗಿಲ್ಲ ಎಂಬುದರಿಂದ.

ಕಾಲ ನಿಧಾನವಾಗುವ ತಂತ್ರವನ್ನೇ ನೋಡಿ. 1999ರ 'ಮೇಟ್ರಿಕ್ಸ್' ಸಿನಿಮಾ ಅದನ್ನು ಮನೆಮಾತು ಮಾಡಿತು. 2001ರ 'ಮ್ಯಾಕ್ಸ್ ಪೇನ್' ಅದನ್ನು ಆಟಕ್ಕೆ ತಂದಿತು. ಆಮೇಲೆ ಅದು ಹಾದಿಬೀದಿಯ ಸರಕಾಯಿತು. ಆದರೆ 2016ರ 'ಸೂಪರ್‌ಹಾಟ್' ಒಂದೇ ಒಂದು ಷರತ್ತು ಹಾಕಿತು: ಆಟಗಾರ ಕದಲಿದರೆ ಮಾತ್ರ ಕಾಲ ಓಡುತ್ತದೆ, ನಿಂತರೆ ಗುಂಡೂ ಹೆಚ್ಚುಕಡಿಮೆ ಗಾಳಿಯಲ್ಲೇ ನಿಲ್ಲುತ್ತದೆ. ವಿದ್ಯೆ ಹಳೆಯದೇ. ಆದರೆ ಈಗ ಒಂದು ಹೆಜ್ಜೆ ಇಡುವುದಕ್ಕೂ ಲೆಕ್ಕ ಹಾಕಬೇಕು.

ಷರತ್ತಿನಿಂದ ಹೊಸತನ ಹುಟ್ಟುವುದನ್ನು ಕಾಣಲು ದೂರ ಹೋಗಬೇಕಿಲ್ಲ. ಚನ್ನಪಟ್ಟಣದ ಪಕ್ಕದ ರಾಮನಗರದ ಬಂಡೆಗಳ ನಡುವೆ ರಮೇಶ್ ಸಿಪ್ಪಿ ಚಿತ್ರೀಕರಿಸಿದ 'ಶೋಲೆ' 1975ರಲ್ಲಿ ತೆರೆಕಂಡಿತು. ಅದರಲ್ಲಿ ಗುದ್ದಾಟ, ಕುದುರೆ, ಬಂದೂಕು ಎಲ್ಲವೂ ಇವೆ. ಅಂಥವು ಆ ಕಾಲದ ಬೇರೆ ಸಿನಿಮಾಗಳಲ್ಲೂ ಇದ್ದವು. ಮರೆಯಲಾಗದ್ದು ಕೊನೆಯ ಹೊಡೆದಾಟ. ಎರಡೂ ಕೈ ಕಳೆದುಕೊಂಡ ಠಾಕೂರ್, ಮೊಳೆ ಬಡಿದ ಬೂಟುಗಳಿಂದ ಗಬ್ಬರ್‌ನನ್ನು ಎದುರಿಸುತ್ತಾನೆ. ನಾಯಕನ ಕೈಗೆ ಇನ್ನೊಂದು ಆಯುಧ ಕೊಟ್ಟಿದ್ದರೆ ಅದು ನೂರೊಂದನೆಯ ಹೊಡೆದಾಟವಾಗುತ್ತಿತ್ತು. ಕೈಯನ್ನೇ ಕಿತ್ತುಕೊಂಡದ್ದರಿಂದ ಪ್ರತಿ ಒದೆತದ ಹಿಂದೆಯೂ ಅವನ ಇಡೀ ಕಥೆ ಬಂದು ನಿಂತಿತು.

ಸಿನಿಮಾಕ್ಕಿಂತಲೂ ಹಳೆಯ ಪಾಠ ನಮ್ಮ ಹಳ್ಳಿಗಳ ಜಗಲಿ ಕಲ್ಲಿನ ಮೇಲಿದೆ. ಹುಲಿ-ಕುರಿ ಆಟದಲ್ಲಿ ಸಾಮಾನ್ಯವಾಗಿ 3 ಹುಲಿ, 15 ಕುರಿ. ಹುಲಿಗೆ ಇರುವುದು ಒಂದೇ ವಿದ್ಯೆ: ಪಕ್ಕದ ಕುರಿಯ ಮೇಲಿಂದ ಆಚೆಯ ಖಾಲಿ ಮನೆಗೆ ನೆಗೆದು ಅದನ್ನು ತಿನ್ನುವುದು. ಕುರಿಗೆ ಹೊಡೆಯುವ ವಿದ್ಯೆಯೇ ಇಲ್ಲ. ಅದು ಮಾಡಬಲ್ಲದ್ದು ಇಷ್ಟೇ, ಹುಲಿಯ ಆಚೆಯ ಮನೆ ಖಾಲಿ ಇರದಂತೆ ನೋಡಿಕೊಳ್ಳುವುದು. ಒಂಟಿ ಕುರಿ ಸಾಯುತ್ತದೆ. ಬೆನ್ನಿಗೆ ಬೆನ್ನು ಕೊಟ್ಟ ಎರಡು ಕುರಿಗಳ ಮುಂದೆ ಹುಲಿ ನಿಸ್ಸಹಾಯಕ. ಶತ್ರುವನ್ನು ಕೊಲ್ಲದೆ, ಅಲುಗದಂತೆ ಕಟ್ಟಿಹಾಕಿ ಗೆಲ್ಲುವುದು ಇಲ್ಲಿ ಯುದ್ಧ. 2018ರ 'ಇನ್‌ಟು ದ ಬ್ರೀಚ್' ಆಟ ಶತ್ರುವನ್ನು ಹೊಡೆಯುವುದಕ್ಕಿಂತ ಪಕ್ಕಕ್ಕೆ ತಳ್ಳಿ ಅವನ ಏಟು ತಪ್ಪುವಂತೆ ಮಾಡುವುದನ್ನು ಮುಖ್ಯವಾಗಿಸಿ ಮೆಚ್ಚುಗೆ ಪಡೆಯಿತು. ಆ ಜಾಣತನ ನಮ್ಮ ಅಜ್ಜಿಯರಿಗೆ ಗೊತ್ತಿತ್ತು.

ನಮ್ಮಲ್ಲಿ ಪ್ರಯತ್ನಗಳಿಲ್ಲವೆಂದಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ 'ರಾಜಿ' ಕಥೆ ಹೇಳಲು ತೊಗಲುಗೊಂಬೆಯಾಟದ ಶೈಲಿಯನ್ನು ಬಳಸಿತು. ನೋಡಲು ಅದು ಸೊಗಸು. ಆದರೆ ಕಾದಾಟಕ್ಕೆ ಬಂದಾಗ ಗೋಡೆಯ ಮೇಲಿನ ಓಟ, ಕಂಬ ಹಿಡಿದು ಸುತ್ತುವುದು 'ಪ್ರಿನ್ಸ್ ಆಫ್ ಪರ್ಷಿಯಾ'ವನ್ನು ನೆನಪಿಸುತ್ತವೆ. ವೇಷ ನಮ್ಮದು, ಪಟ್ಟು ಪರರದ್ದು. ದೇಸೀತನ ಬಣ್ಣದಲ್ಲಿ ಮಾತ್ರ ಇದ್ದರೆ ಸಾಲದು, ನಿಯಮದಲ್ಲೂ ಇರಬೇಕು.

ಇದು ಕೇವಲ ಮನರಂಜನೆಯ ಪ್ರಶ್ನೆಯಲ್ಲ. ಬೆಲೆ ತೆರದೆ ಹೊಡೆಯುವುದನ್ನು ದಿನಕ್ಕೆ ನೂರು ಸಲ ಅಭ್ಯಾಸ ಮಾಡುವ ಮಗು, ಶಕ್ತಿಯೆಂದರೆ ಗುಂಡಿ ಒತ್ತುವುದು ಎಂದು ತಿಳಿಯುತ್ತದೆ. ಮಿತಿಯೊಳಗೆ ಆಡುವ ಮಗು ಎದುರಿನವನ ಮನಸ್ಸನ್ನು ಓದಲು ಕಲಿಯುತ್ತದೆ. ಮಗುವಿಗೆ ಎರಡನೆಯದನ್ನು ಕೊಡುವ ಆಟಗಳು ನಮಗೆ ಬೇಕು.

ಚನ್ನಪಟ್ಟಣದ ಕುಶಲಕರ್ಮಿಗೆ ಸಿಗುವುದು ಒಂದು ಮರದ ತುಂಡು, ಒಂದು ಉಳಿ, ತಿರುಗುವ ಯಂತ್ರ. ಅಷ್ಟರಲ್ಲೇ ಆತ ಕುದುರೆಯನ್ನೂ ರೈಲನ್ನೂ ತೆಗೆಯುತ್ತಾನೆ. ಬೆಂಗಳೂರಿನಲ್ಲಿ ಕುಳಿತು ಗೇಮ್ ತಯಾರಿಸುವ ಯುವಕರು ಮುಂದಿನ ಬೆಂಕಿಯುಂಡೆ ಬರೆಯುವ ಮೊದಲು ಒಂದು ದಿನ ಈ ಊರಿಗೆ ಬಂದು ಆತನ ಪಕ್ಕದಲ್ಲಿ ಕುಳಿತರೆ ಒಳ್ಳೆಯದು. ಸಂಜೆ ಯಾರಾದರೂ ಹಿರಿಯರೊಂದಿಗೆ ಒಂದು ಸುತ್ತು ಹುಲಿ-ಕುರಿ ಆಡಲಿ. ಕುರಿಯ ಪಕ್ಷವನ್ನೇ ಕೇಳಿ ಪಡೆಯಲಿ.