ಬಣ್ಣಕ್ಕೆ ಕಟ್ಟಿದ ಶೇಕಡಾ ಲೆಕ್ಕ

ಲ್ಯಾಪ್‌ಟಾಪಿನ ವಿವರಪಟ್ಟಿಯಲ್ಲಿ ‘ಶೇ 45 ಎನ್‌ಟಿಎಸ್‌ಸಿ’ ಎಂದೋ, ಮಾನಿಟರಿನ ಪೆಟ್ಟಿಗೆಯ ಮೇಲೆ ‘ಶೇ 125 ಎಸ್‌ಆರ್‌ಜಿಬಿ’ ಎಂದೋ ಅಚ್ಚಾಗಿರುತ್ತದೆ. ಪರದೆ ಎಷ್ಟು ಬಣ್ಣ ತೋರಿಸಬಲ್ಲದು ಎಂದು ಕೇಳುವ ಗ್ರಾಹಕರಿಗೆ ಬಹುಮಟ್ಟಿಗೆ ಸಿಗುವ ಉತ್ತರ ಇಷ್ಟೇ. ಈ ಉತ್ತರ ಸಾಲದು. ಎಷ್ಟೋ ಸಲ ದಾರಿಯನ್ನೂ ತಪ್ಪಿಸುತ್ತದೆ.

ಲೆಕ್ಕ ಹಾಕುವ ಬಗೆ ಸರಳ. 1931ರಲ್ಲಿ ಸಿಐಇ ಸಂಸ್ಥೆ ರೂಪಿಸಿದ ವರ್ಣನಕ್ಷೆಯಲ್ಲಿ ಪರದೆಯ ಕೆಂಪು, ಹಸಿರು, ನೀಲಿಗಳನ್ನು ಗುರುತಿಸಿ ಗೆರೆ ಎಳೆದರೆ ಒಂದು ತ್ರಿಕೋನ. ಅದರ ವಿಸ್ತೀರ್ಣವನ್ನು ಯಾವುದಾದರೂ ಮಾನಕದ ತ್ರಿಕೋನಕ್ಕೆ ಹೋಲಿಸಿದರೆ ಶೇಕಡಾ ಸಿದ್ಧ. ಆದರೆ ವಿಸ್ತೀರ್ಣ ಸಮವಿದ್ದ ಮಾತ್ರಕ್ಕೆ ಎರಡು ತ್ರಿಕೋನಗಳು ಒಂದರ ಮೇಲೊಂದು ಕೂರುವುದಿಲ್ಲ. ಸಿನಿಮಾ ಪ್ರೊಜೆಕ್ಟರುಗಳಿಗಾಗಿ ಬಂದ ಡಿಸಿಐ-ಪಿ3 ಮಾನಕದ ವಿಸ್ತೀರ್ಣ, 1953ರ ಅಮೆರಿಕನ್ ಟಿವಿ ಮಾನಕವಾದ ಎನ್‌ಟಿಎಸ್‌ಸಿಯ ಶೇ 96ರಷ್ಟಿದೆ. ಹಾಗೆಂದು ಎನ್‌ಟಿಎಸ್‌ಸಿಯ ಶೇ 96 ಬಣ್ಣಗಳು ಪಿ3ಯಲ್ಲಿ ಸಿಗುವುದಿಲ್ಲ. ಎನ್‌ಟಿಎಸ್‌ಸಿಯ ಹಸಿರು ಪಿ3 ತ್ರಿಕೋನದ ಹೊರಗೇ ಉಳಿಯುತ್ತದೆ, ಪಿ3ಯ ಕೆಂಪು ಎನ್‌ಟಿಎಸ್‌ಸಿಯನ್ನು ದಾಟಿ ಹೋಗುತ್ತದೆ. ಕೇಳಬೇಕಾದದ್ದು ಮಾನಕದ ಎಷ್ಟು ಭಾಗವನ್ನು ಪರದೆ ಆವರಿಸಿದೆ ಎಂದು. ಆ ಅಂಕಿ ನೂರನ್ನು ಮೀರಲಾರದು. 125 ಎಂದು ಕಂಡರೆ ಅದು ಬರೀ ವಿಸ್ತೀರ್ಣ.

ನಕ್ಷೆಯಲ್ಲೂ ತೊಡಕಿದೆ. ಕಣ್ಣಿಗೆ ವ್ಯತ್ಯಾಸವೇ ತೋರದ ಬಣ್ಣಗಳ ವಲಯ ನೀಲಿಯ ಮೂಲೆಯಲ್ಲಿ ಪುಟ್ಟದು, ಹಸಿರಿನ ಕಡೆ ಬಹಳ ದೊಡ್ಡದು ಎಂದು ಡೇವಿಡ್ ಮ್ಯಾಕ್‌ಆಡಮ್ 1942ರಲ್ಲೇ ತೋರಿಸಿದರು. ಅಂದಮೇಲೆ ಹಸಿರಿನತ್ತ ಚಾಚಿದ ಪರದೆಗೆ ಈ ನಕ್ಷೆಯಲ್ಲಿ ಪುಕ್ಕಟೆ ಅಂಕ. ಕಂಪ್ಯೂಟರ್ ಪರದೆಗಳ ರೂಢಿಯ ಮಾನಕವಾದ ಎಸ್‌ಆರ್‌ಜಿಬಿಗಿಂತ ಪಿ3 ಎಷ್ಟು ದೊಡ್ಡದು? 1931ರ ನಕ್ಷೆಯ ಪ್ರಕಾರ ಸುಮಾರು ಶೇ 36. ಈ ದೋಷವನ್ನು ತಕ್ಕಮಟ್ಟಿಗೆ ತಿದ್ದಿದ 1976ರ ನಕ್ಷೆಯ ಪ್ರಕಾರ ಶೇ 26. ಜಾಹೀರಾತುಗಳು ಯಾವುದನ್ನು ಆರಿಸಿಕೊಳ್ಳುತ್ತವೆ ಎಂದು ಬೇರೆ ಹೇಳಬೇಕಿಲ್ಲ.

ಎರಡು ನಕ್ಷೆಗಳೂ ಹೊಳಪನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಿಳಿಯ ಉಪಪಿಕ್ಸೆಲ್ ಸೇರಿಸಿ ಬೆಳಕು ಹೆಚ್ಚಿಸಿಕೊಂಡ ಟಿವಿಯಲ್ಲಿ ಬಿಳಿ ಝಗಮಗಿಸಿದರೂ ಕೆಂಪು, ಹಸಿರುಗಳು ಅದೇ ಪ್ರಮಾಣದಲ್ಲಿ ಬೆಳಗುವುದಿಲ್ಲ. ಇನ್ನು, ಬಣ್ಣಗಳ ಹರವು, ಅಂದರೆ ಪರದೆಯ ತ್ರಿಕೋನ, ದೊಡ್ಡದಾದಷ್ಟೂ ಒಳ್ಳೆಯದೆಂಬ ನಂಬಿಕೆಯೂ ಪೊಳ್ಳು. ಎಸ್‌ಆರ್‌ಜಿಬಿಗೆ ಹೊಂದಿಸಿದ ಫೋಟೊವನ್ನು ಬಣ್ಣ ನಿರ್ವಹಣೆಯಿಲ್ಲದೆ ಅಗಲ ಹರವಿನ ಪರದೆಯಲ್ಲಿ ತೆರೆದರೆ, ಮುಖವೆಲ್ಲ ಬಿಸಿಲಿಗೆ ಕಂದಿದಂತೆ ಕೆಂಪೇರುತ್ತದೆ.

ಉಪಕರಣ ಇಟ್ಟು ಅಳೆದು, ಮೂರು ಮೂಲಬಣ್ಣಗಳ ನಿರ್ದೇಶಾಂಕಗಳನ್ನೇ ಪ್ರಕಟಿಸುವ ವಿಮರ್ಶಕರ ಕೆಲಸವನ್ನು ನಾನು ಇದಕ್ಕಾಗಿಯೇ ಮೆಚ್ಚುತ್ತೇನೆ. ಒಟ್ಟು ಆರು ಸಂಖ್ಯೆಗಳು. ಅವು ಕೈಯಲ್ಲಿದ್ದರೆ ಯಾವ ಮಾನಕಕ್ಕೆ, ಯಾವ ನಕ್ಷೆಯಲ್ಲಿ ಬೇಕಾದರೂ ಹೋಲಿಕೆಯನ್ನು ನಾವೇ ಮಾಡಿಕೊಳ್ಳಬಹುದು. ತಯಾರಕರು ಅವನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಲು ಒಂದು ಸಾಲು ಸಾಕು.