ತಟಾಕಮಾತೃಕವಾದ ದೇಶ: ಕೋಲಾರ ಜಿಲ್ಲೆಯ ವಿವರಣಗ್ರಂಥಗಳ ವಿಮರ್ಶೆ

ದೇಶಗಳನ್ನು ನದೀಮಾತೃಕ, ದೇವಮಾತೃಕ ಎಂದು ಎರಡಾಗಿ ವಿಂಗಡಿಸುವ ಕ್ರಮವು ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆಲ್ಲ ತಿಳಿದಿದೆ. ಹೊಳೆಯ ನೀರಿನಿಂದ ಪೈರು ಬೆಳೆಯುವ ನಾಡಿಗೆ ನದಿಯೇ ತಾಯಿ. ಮುಗಿಲನ್ನು ನೋಡಿ ಬಿತ್ತುವ ನಾಡಿಗೆ ಮಳೆಗರೆಯುವ ದೇವನೇ ತಾಯಿ. ಭೂಮಿಯ ಲಕ್ಷಣವನ್ನೂ ಪ್ರಜೆಗಳ ಜೀವನೋಪಾಯವನ್ನೂ ಒಂದೇ ಶಬ್ದದಲ್ಲಿ ಹಿಡಿದಿಟ್ಟ ಈ ವಿಂಗಡಣೆಯು ಬಹು ಸಮಂಜಸವಾದುದು. ಆದರೆ ಕೋಲಾರದ ಸೀಮೆಯು ಈ ಎರಡರಲ್ಲಿ ಯಾವ ವರ್ಗಕ್ಕೆ ಸೇರತಕ್ಕದ್ದೆಂದು ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ. ಆ ಸೀಮೆಯನ್ನು ಕುರಿತು ಇದುವರೆಗೆ ಹೊರಟಿರುವ ಮುಖ್ಯ ವಿವರಣಗ್ರಂಥಗಳನ್ನು ಈ ಪ್ರಶ್ನೆಯ ಮೇಲೆಯೇ ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ. ೨೦೦೭ರಲ್ಲಿ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾಯಿತಾದರೂ, ವಿಮರ್ಶಿಸಬೇಕಾದ ಗ್ರಂಥಗಳು ಅದಕ್ಕೆ ಹಿಂದಿನವಾದುದರಿಂದ, ಕೋಲಾರವೆಂಬ ಹೆಸರನ್ನು ಹಳೆಯ ವ್ಯಾಪ್ತಿಯಲ್ಲಿಯೇ ಬಳಸಿದೆ.

ಈ ಸೀಮೆಯು ನದಿಗಳಿಗೆ ತವರುಮನೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಪಘ್ನಿ, ಪಾಲಾರುಗಳೆಲ್ಲ ನಂದಿಯ ಬೆಟ್ಟಗಳ ಆಸುಪಾಸಿನಲ್ಲಿ ಹುಟ್ಟುವುವು. ಆದರೆ ಹೆಣ್ಣುಮಕ್ಕಳಂತೆ ಅವು ಬೆಳೆಯುವುದೂ ಮನೆ ತುಂಬುವುದೂ ಪರಸೀಮೆಯಲ್ಲಿ; ತವರಿನಲ್ಲಿ ಅವು ಬೇಸಗೆಗೆ ಬತ್ತುವ ಹಳ್ಳಗಳೇ ಹೊರತು ಹೊಳೆಗಳಲ್ಲ. ಮಳೆಯಾದರೋ ವರ್ಷಕ್ಕೆ ಸುಮಾರು ೩೦ ಅಂಗುಲದೊಳಗೆ. ಅದೂ ಕಾಲ ತಪ್ಪುವುದೇ ಹೆಚ್ಚು. ಹೀಗೆ ನದಿಯನ್ನೂ ನಂಬುವಂತಿಲ್ಲದೆ ಮಳೆಯನ್ನೂ ನಂಬುವಂತಿಲ್ಲದೆ ಇರುವ ಕಡೆ ಜನರು ಮೂರನೆಯ ತಾಯಿಯೊಬ್ಬಳನ್ನು ತಾವೇ ಕಟ್ಟಿಕೊಂಡರು, ಆಕೆಯೇ ಕೆರೆ. ಸಭಾಪರ್ವದಲ್ಲಿ ನಾರದನು ಧರ್ಮರಾಯನ ಕುಶಲವನ್ನು ವಿಚಾರಿಸುತ್ತ, ರಾಜ್ಯದಲ್ಲಿ ತುಂಬಿದ ದೊಡ್ಡ ಕೆರೆಗಳು ಅಲ್ಲಲ್ಲಿ ಹಂಚಿಕೊಂಡಿವೆಯೇ, ಬೇಸಾಯವು ಕೇವಲ ದೇವಮಾತೃಕವಾಗಿಲ್ಲವಷ್ಟೆ, ಎಂದು ಕೇಳುತ್ತಾನೆ. ಆ ಪ್ರಶ್ನೆಗೆ ಕೋಲಾರದ ಸೀಮೆಯೇ ಒಂದು ಉತ್ತರವೆನ್ನಬಹುದು. ಇದನ್ನು ತಟಾಕಮಾತೃಕವೆಂದು ಕರೆದರೆ ಅಮರಸಿಂಹನು ಮುನಿಯಲಾರನೆಂದು ನಂಬಿದ್ದೇನೆ.

ಪರರ ಗ್ರಂಥಗಳ ದೋಷವನ್ನು ಎತ್ತಿಹೇಳುವುದಕ್ಕೆ ಮೊದಲು ನಮ್ಮ ಸಂಪ್ರದಾಯದ ನ್ಯೂನತೆಯನ್ನು ಒಪ್ಪಿಕೊಳ್ಳುವುದು ನ್ಯಾಯ. ದಂಡಿಯು ಮಹಾಕಾವ್ಯದಲ್ಲಿ ವರ್ಣಿಸತಕ್ಕವುಗಳನ್ನು ಎಣಿಸುವಾಗ ನಗರ, ಸಮುದ್ರ, ಶೈಲ, ಋತು, ಚಂದ್ರಸೂರ್ಯೋದಯ ಮೊದಲಾದವುಗಳನ್ನು ಹೇಳುತ್ತಾನೆ. ಉಳುವವನಿಗೂ ಊರ ಕೆರೆಗೂ ಆ ಪಟ್ಟಿಯಲ್ಲಿ ಸ್ಥಾನವಿಲ್ಲ. ಸಮುದ್ರವನ್ನೇ ಕಾಣದ ನಾಡಿನ ಕವಿಯೂ ಸಮುದ್ರವನ್ನು ವರ್ಣಿಸಬೇಕಾಯಿತು. ನಮ್ಮ ಕನ್ನಡ ಕವಿಗಳು ನಾಡನ್ನು ವರ್ಣಿಸುವಾಗ ಗದ್ದೆಗಳನ್ನೂ ತಾವರೆಗೆರೆಗಳನ್ನೂ ಸೇರಿಸಿಕೊಂಡು ಈ ಕೊರತೆಯನ್ನು ಒಂದಿಷ್ಟು ತುಂಬಿದರು. ಆದರೂ ಅವರ ಕೆರೆಯಲ್ಲಿ ತಾವರೆಯಿರುವುದೇ ಹೊರತು ತೂಬಿರುವುದಿಲ್ಲ.

ಆದುದರಿಂದ ವಸ್ತುಸ್ಥಿತಿಯ ವಿವರಣೆಗೆ ನಾವು ಮೊದಲು ನೋಡಬೇಕಾದುದು ಬುಕಾನನ್ನನ ಪ್ರವಾಸಗ್ರಂಥವನ್ನು. ೧೮೦೦-೦೧ರಲ್ಲಿ ಸಂಚರಿಸಿ, ೧೮೦೭ರಲ್ಲಿ ಪ್ರಕಟವಾದ ಮೂರು ಸಂಪುಟಗಳಲ್ಲಿ ಆತನು ದಿನದಿನದ ವೃತ್ತಾಂತವನ್ನು ಕೊಟ್ಟಿರುವನು. ಈತನ ದೊಡ್ಡ ಗುಣವೆಂದರೆ, ರೈತನನ್ನು ಕೇಳಿ ತಿಳಿದು ಬರೆದುದು. ನೇಗಿಲು, ಗೊಬ್ಬರ, ಕೂಲಿ, ಬೆಳೆಯ ಸರದಿ ಇವುಗಳನ್ನು ಇಷ್ಟು ತಾಳ್ಮೆಯಿಂದ ಬರೆದಿಟ್ಟವರು ಆ ಕಾಲದಲ್ಲಿ ಅಪರೂಪ. ಆದರೆ ದಿನಚರಿಯ ರೂಪವೇ ಗ್ರಂಥಕ್ಕೆ ಮಿತಿಯಾಯಿತು. ಕೆರೆಯು ಆತನಿಗೆ ದಾರಿಯಲ್ಲಿ ಕಂಡ ವಸ್ತು. ಅದರ ಹಿಂದಣ ಸಾವಿರ ವರ್ಷದ ಕಥೆಯು ಆತನಿಗೆ ದೊರೆಯಲಿಲ್ಲ, ದೊರೆಯುವುದಕ್ಕೆ ಆಗಿನ್ನೂ ಶಾಸನಗಳು ಹೊರಬಿದ್ದಿರಲಿಲ್ಲ.

ಆ ಕಥೆಯನ್ನು ಹೊರಗೆಡಹಿದ ಪುಣ್ಯಾತ್ಮರು ರೈಸ್ ಸಾಹೇಬರು. ಅವರ ಗ್ಯಾಸೆಟಿಯರು ೧೮೭೭ರಲ್ಲಿಯೂ, ಪರಿಷ್ಕೃತ ರೂಪದಲ್ಲಿ ೧೮೯೭ರಲ್ಲಿಯೂ ಪ್ರಕಟವಾಯಿತು. ಕೋಲಾರ ಜಿಲ್ಲೆಯ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ೧೯೦೫ರಲ್ಲಿ ಹೊರಬಂದುವು. ಕನ್ನಡ ವಿದ್ವಾಂಸರೆಲ್ಲರೂ ಅವರಿಗೆ ಋಣಿಗಳು. ಆದರೆ ಋಣವು ವಿಮರ್ಶೆಯ ಬಾಯನ್ನು ಕಟ್ಟಬಾರದು. ಅವರ ಗ್ಯಾಸೆಟಿಯರಿನಲ್ಲಿ ಭೂಲಕ್ಷಣ ಒಂದು ಕಡೆ, ಬೆಳೆ ಒಂದು ಕಡೆ, ಚರಿತ್ರೆ ಮತ್ತೊಂದು ಕಡೆ, ಕಂದಾಯವೂ ವ್ಯಾಪಾರವೂ ಇನ್ನೊಂದು ಕಡೆ. ಒಂದೊಂದು ವಿಭಾಗವೂ ಪ್ರಾಮಾಣಿಕವಾಗಿದೆ. ವಿಭಾಗಗಳು ಮಾತ್ರ ಒಂದನ್ನೊಂದು ಮಾತನಾಡಿಸುವುದಿಲ್ಲ. ಅವರೇ ಪ್ರಕಟಿಸಿದ ಶಾಸನಗಳಾದರೋ ಇವುಗಳನ್ನು ಬೇರ್ಪಡಿಸಿಯೇ ಇಲ್ಲ.

ಎರಡು ನಿದರ್ಶನಗಳು ಸಾಕು. ಆವನಿಯ ಒಂದು ಶಾಸನವು ಕ್ರಿ. ಶ. ೯೬೧ರಲ್ಲಿ ಶಿವಲೋಕವನ್ನು ಸೇರಿದ ತ್ರಿಭುವನಕರ್ತಾರನೆಂಬ ಶೈವಗುರುವನ್ನು ಕುರಿತದ್ದು. ಆತನು ೪೦ ವರ್ಷ ಆ ಸ್ಥಾನವನ್ನು ಆಳಿ, ೫೦ ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದನೆಂದು ಅದರಲ್ಲಿ ಹೇಳಿದೆ. ಶಾಸನವನ್ನು ಬರೆದವನಿಗೆ ದೇವಾಲಯವೂ ಕೆರೆಯೂ ಒಂದೇ ಧರ್ಮದ ಎರಡು ಕೈಗಳು. ನಮ್ಮ ಗ್ರಂಥಗಳಲ್ಲಿ ದೇವಾಲಯವು ಶಿಲ್ಪದ ಪ್ರಕರಣಕ್ಕೂ ಕೆರೆಯು ನೀರಾವರಿಯ ಅಂಕಿಗಳ ಕೋಷ್ಠಕಕ್ಕೂ ಹೋಗಿ, ಗುರುವು ಎರಡು ಕಡೆಯೂ ಅನಾಥನಾಗುತ್ತಾನೆ. ಎರಡನೆಯದು ಬೇತಮಂಗಲ. ಇದರ ಹಳೆಯ ಹೆಸರು ವಿಜಯಾದಿತ್ಯಮಂಗಲ. ಪಾಲಾರಿಗೆ ಕಟ್ಟಿದ ಇಲ್ಲಿನ ದೊಡ್ಡ ಕೆರೆಯು ಒಡೆದಿದ್ದು, ಹತ್ತನೆಯ ಶತಮಾನದಲ್ಲಿ ನೊಳಂಬರ ಆಳಿಕೆಯಲ್ಲಿ ದುರಸ್ತಾದುದನ್ನು ಶಾಸನವು ತಿಳಿಸುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಚಿನ್ನದ ಗಣಿಯ ಊರಿಗೆ ಕುಡಿಯುವ ನೀರು ಹೋದುದು ಈ ಕೆರೆಯಿಂದಲೇ. ಪಾಲಾರು ಭೂಗೋಳಕ್ಕೆ, ನೊಳಂಬನು ಚರಿತ್ರೆಗೆ, ಗಣಿಯು ಅರ್ಥಶಾಸ್ತ್ರಕ್ಕೆ ಎಂದು ಹಂಚಿಕೊಟ್ಟ ಮೇಲೆ ಕೆರೆಯು ಯಾರ ಪಾಲಿಗೆ ಬರಬೇಕು?

೧೯೬೮ರ ರಾಜ್ಯ ಗ್ಯಾಸೆಟಿಯರು ಈ ವಿಭಾಗಕ್ರಮವನ್ನು ಇನ್ನೂ ಬಿಗಿಗೊಳಿಸಿತು. ಭಾರತಕ್ಕೆಲ್ಲ ಒಂದೇ ಅಚ್ಚಿನ ಅಧ್ಯಾಯಗಳಿರಬೇಕೆಂಬ ನಿಯಮದಿಂದ, ಕೋಲಾರಕ್ಕೂ ಕಾವೇರಿಯ ದಡದ ಜಿಲ್ಲೆಗೂ ಒಂದೇ ಅಂಗಿ ಹೊಲಿದಂತಾಯಿತು. ಇದರ ಫಲವಾಗಿ ಕೋಲಾರವೆಂದರೆ ಚಿನ್ನವೆಂಬ ಭಾವನೆಯು ಬೇರೂರಿತು. ೧೮೮೦ರಲ್ಲಿ ಜಾನ್ ಟೇಲರ್ ಕಂಪೆನಿಯು ಬಂದುದು, ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯು ಹರಿದುದು, ಇವು ವಿಸ್ತರಿಸಿ ಬರೆಯತಕ್ಕ ಸಂಗತಿಗಳೇ ಸರಿ. ಆದರೆ ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದವು; ಜಿಲ್ಲೆಯು ಮುಚ್ಚಲಿಲ್ಲ. ರಾಗಿ, ರೇಷ್ಮೆ, ಹಾಲು, ಶ್ರೀನಿವಾಸಪುರದ ಮಾವು, ಕೋಲಾರದ ಮಾರುಕಟ್ಟೆಯ ಟೊಮೇಟೋ, ಇವುಗಳ ಮೇಲೆ ಹಳ್ಳಿಗಳು ಬದುಕಿವೆ. ಇವಕ್ಕೆಲ್ಲ ಬೇಕಾದುದು ನೀರು. ಸುಮಾರು ನೂರಿಪ್ಪತ್ತು ವರ್ಷದ ಗಣಿಗೆ ಕೊಟ್ಟ ಗಮನವನ್ನು ಸಾವಿರ ವರ್ಷದ ಕೆರೆಗೆ ಕೊಡದ ಗ್ರಂಥವು ಪ್ರಮಾಣಜ್ಞಾನದಲ್ಲಿ ಸೋತಿದೆಯೆಂದೇ ಹೇಳಬೇಕು.

ಹಾಗಾದರೆ ಮೂರನ್ನೂ ಕೂಡಿಸಿ ಬರೆಯುವುದು ಸಾಧ್ಯವೇ? ಸಾಧ್ಯವೆಂಬುದಕ್ಕೆ ನೆರೆಯ ಕಡಪಾ ಸೀಮೆಯ ಪೋರುಮಾಮಿಳ್ಳದ ಶಾಸನವೇ ಸಾಕ್ಷಿ. ಆ ನಾಡೂ ಕೋಲಾರದಂತೆ ಕೆರೆಯನ್ನು ನಂಬಿದುದು. ೧೩೬೯ರಲ್ಲಿ ಬುಕ್ಕರಾಯನ ಮಗ ಭಾಸ್ಕರನು ಅಲ್ಲಿ ಅನಂತರಾಜಸಾಗರವನ್ನು ಕಟ್ಟಿಸಿದಾಗ ಹಾಕಿಸಿದ ಈ ಸಂಸ್ಕೃತ ಶಾಸನವು ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಹೇಳುತ್ತದೆ. ಧರ್ಮಿಷ್ಠನಾದ ರಾಜ, ಜಲಶಾಸ್ತ್ರವನ್ನು ಬಲ್ಲವನು, ಗಟ್ಟಿಯಾದ ನೆಲ, ಸಿಹಿನೀರಿನ ನದಿ, ಬೆಟ್ಟದ ಚಾಚು, ಕಲ್ಲಿನ ಏರಿ, ಫಲವತ್ತಾದ ಭೂಮಿ, ನುರಿತ ಕೆಲಸಗಾರರು, ಇವೆಲ್ಲ ಅಂಗಗಳೇ. ಚರಿತ್ರೆ, ಭೂಗೋಳ, ಆರ್ಥಿಕ ಸ್ಥಿತಿ ಮೂರೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ದೋಷಗಳಲ್ಲಿ ಒಂದು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು. ಪಾಲಾರು ಮತ್ತು ದಕ್ಷಿಣ ಪಿನಾಕಿನಿಗಳ ಮೇಲೆ ಹೊಸ ನೀರಾವರಿ ಕೆಲಸಕ್ಕೆ ಮದರಾಸಿನ ಒಪ್ಪಿಗೆ ಬೇಕೆಂದ ೧೮೯೨ರ ಒಡಂಬಡಿಕೆಯನ್ನು ಬಲ್ಲವರಿಗೆ ಈ ದೋಷದ ಅರ್ಥವನ್ನು ವಿವರಿಸಬೇಕಾಗಿಲ್ಲ.

ಆಕರಗ್ರಂಥಕ್ಕೆ ವಿಭಾಗಗಳು ಅನಿವಾರ್ಯ, ಬೇಕಾದುದನ್ನು ಕೂಡಲೆ ಹುಡುಕಿ ತೆಗೆಯಬೇಡವೇ, ಎಂದು ಕೆಲವರು ಆಕ್ಷೇಪಿಸಬಹುದು. ಯುಕ್ತವಾದ ಮಾತು. ವೈಯಾಕರಣರೂ ಪದವನ್ನು ಪ್ರಕೃತಿ ಪ್ರತ್ಯಯಗಳಾಗಿ ಬಿಡಿಸುವರು. ಆದರೆ ಬಿಡಿಸಿದ ಮೇಲೆ ಕೂಡಿಸಿ ಅರ್ಥವನ್ನು ಹೇಳದೆ ಬಿಡುವುದಿಲ್ಲ. ವಿಭಾಗ ಮಾಡಿದುದು ದೋಷವಲ್ಲ, ಕೂಡಿಸದೆ ಬಿಟ್ಟುದು ದೋಷ.

ಇದು ಕೇವಲ ಗ್ರಂಥರಚನೆಯ ಚರ್ಚೆಯೆಂದು ಭಾವಿಸಬಾರದು. ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯು ಈ ರಾಜ್ಯದಲ್ಲಿ ಹೊಸ ಕೆರೆಗೆ ಎಡೆ ಹುಡುಕುವುದೇ ಕಷ್ಟವೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಬೆರಗಾಗಿ ಬರೆದನು. ಒಂದರ ಕೋಡಿಯ ನೀರು ಇನ್ನೊಂದಕ್ಕೆ ಇಳಿಯುವಂತೆ ಸರಪಳಿಯಾಗಿ ಕಟ್ಟಿದ್ದ ಆ ಕೆರೆಗಳಲ್ಲಿ ಎಷ್ಟೋ ಇಂದು ಹೂಳು ತುಂಬಿವೆ. ಕೊಳವೆಬಾವಿಗಳು ಸಾವಿರ ಅಡಿಗಳನ್ನು ಮೀರಿ ಇಳಿದಿವೆ. ಹಲವು ಊರುಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ೨೦೧೮ರಿಂದ ಬೆಂಗಳೂರಿನ ಬಳಕೆಯಾದ ನೀರನ್ನು ಶುದ್ಧೀಕರಿಸಿ, ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಇಲ್ಲಿನ ಕೆರೆಗಳಿಗೆ ಹರಿಸಲಾಗಿದೆ. ಆ ಶುದ್ಧಿಯು ಸಾಲದೆಂಬ ವಿವಾದವೂ ಎದ್ದಿದೆ. ಕೌಟಿಲ್ಯನು ಜನಪದನಿವೇಶದ ಪ್ರಕರಣದಲ್ಲಿ ಸೇತುಗಳನ್ನು ಸಹೋದಕ, ಆಹಾರ್ಯೋದಕ ಎಂದು ವಿಂಗಡಿಸುತ್ತಾನೆ. ತನ್ನಲ್ಲೇ ನೀರುಳ್ಳದ್ದು ಒಂದು, ಬೇರೆಡೆಯಿಂದ ತಂದು ತುಂಬಿಸತಕ್ಕದ್ದು ಇನ್ನೊಂದು. ಕೋಲಾರದ ಕೆರೆಗಳು ಈಗ ಎರಡನೆಯ ವರ್ಗದ ಕಡೆಗೆ ಸರಿಯುತ್ತಿವೆ. ಆದರೆ ಕೌಟಿಲ್ಯನು ಅಷ್ಟಕ್ಕೇ ನಿಲ್ಲಿಸದೆ, ಊರೆಲ್ಲ ಕೂಡಿ ಸೇತುವನ್ನು ಕಟ್ಟುವಾಗ ತಾನು ಬಾರದವನು ತನ್ನ ಆಳನ್ನೂ ಎತ್ತನ್ನೂ ಕಳುಹಿಸಬೇಕು, ವೆಚ್ಚದಲ್ಲಿ ಪಾಲನ್ನು ಕೊಡಬೇಕು, ಲಾಭದಲ್ಲಿ ಮಾತ್ರ ಪಾಲನ್ನು ಕೇಳಕೂಡದು ಎನ್ನುತ್ತಾನೆ. ನೀರನ್ನು ತರಬಹುದು, ಆ ಕಟ್ಟುಪಾಡನ್ನು ಕೊಳವೆಯಲ್ಲಿ ತರುವುದಾಗುವುದಿಲ್ಲ.

ಆ ಕಟ್ಟುಪಾಡಿನ ಲೆಕ್ಕಪತ್ರಗಳೇ ನಮ್ಮ ಶಾಸನಗಳು. ಕೆರೆಯ ನಿರ್ಮಾಣಕ್ಕೂ ರಕ್ಷಣೆಗೂ ಬಿಟ್ಟ ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ಮಾತುಗಳನ್ನು ನಾವು ತರಗತಿಯಲ್ಲಿ ಹಳಗನ್ನಡದ ಕ್ಲಿಷ್ಟ ಪದಗಳೆಂದು ಅರ್ಥ ಹೇಳಿ ಮುಂದಕ್ಕೆ ಹೋಗುತ್ತೇವೆ. ಏರಿಯನ್ನು ಯಾರು ಕಾಯಬೇಕು, ಹೂಳನ್ನು ಯಾರು ತೆಗೆಯಬೇಕು, ಅದಕ್ಕೆ ಯಾವ ಗದ್ದೆಯ ಹುಟ್ಟುವಳಿ ಸಲ್ಲಬೇಕು ಎಂಬ ವ್ಯವಸ್ಥೆಯು ಆ ಪದಗಳ ಹಿಂದಿದೆ. ಆದುದರಿಂದ ಮುಂದೆ ಈ ಸೀಮೆಯ ವಿವರಣೆಯನ್ನು ಬರೆಯುವವರು ತಾಲ್ಲೂಕನ್ನಲ್ಲ, ಕೆರೆಯನ್ನೇ ಪ್ರಕರಣವಾಗಿ ಇಟ್ಟುಕೊಳ್ಳಲಿ. ಒಂದೊಂದು ಕೆರೆಗೂ ಅದರ ಹೆಸರು, ಅದಕ್ಕೆ ಬರುವ ಹಳ್ಳ, ಶಾಸನ, ತೂಬು, ಕೋಡಿ, ಅಚ್ಚುಕಟ್ಟು, ನೀರುಗಂಟಿಯ ಹಕ್ಕು, ಇಂದಿನ ಸ್ಥಿತಿ, ಇಷ್ಟನ್ನು ಒಂದೆಡೆ ಬರೆದರೆ ಸಾಕು. ಇದಕ್ಕೆ ಇಂಜಿನಿಯರು ಎಷ್ಟು ಅವಶ್ಯವೋ ಶಾಸನವನ್ನು ಓದಬಲ್ಲ ಕನ್ನಡ ಪಂಡಿತನೂ ಅಷ್ಟೇ ಅವಶ್ಯ. ತೂಬಿನ ಕಲ್ಲು ಹೂಳಿನಲ್ಲಿ ಮುಚ್ಚಿಹೋಗುವುದಕ್ಕೆ ಮೊದಲು ಈ ಕೆಲಸವು ಆರಂಭವಾಗಬೇಕು.